ಗೋಸುಂಬೆಯ ಗೂಡಿಗೆ ಹ್ಯುಮಿಡಿಫೈಯರ್: ಕೊಳ್ಳುವ ಮೊದಲು ಮನೆಯ ಗಾಳಿ ಅಳೆಯಿರಿ

ಗಿಳಿ, ಬಣ್ಣದ ಮೀನು, ಪರ್ಷಿಯನ್ ಬೆಕ್ಕು ಇವೆಲ್ಲ ಮುಗಿದು, ನಮ್ಮ ಕೆಲವು ಯುವಕರ ಕಣ್ಣು ಈಗ ವಿದೇಶಿ ಗೋಸುಂಬೆಯ ಮೇಲೆ ಬಿದ್ದಿದೆ. ಅದಕ್ಕೆ ತೇವದ ಗಾಳಿ ಬೇಕು ಎಂದು ಮೊಬೈಲಿನಲ್ಲಿ ನೋಡಿ ಹ್ಯುಮಿಡಿಫೈಯರ್ ತರಿಸುತ್ತಾರೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತಾಯಂದಿರು ಕೇಳುವುದು ಇಷ್ಟೇ: “ಹಕೀಮ್ ಸಾಹೇಬ್ರೇ, ಮನೆಯಲ್ಲಿ ಉಬ್ಬಸದ ಮಗು ಇದೆ. ಈ ಮಿಷನ್ ಇಟ್ಟರೆ ತೊಂದರೆ ಇಲ್ಲವೇ?”

ತೊಂದರೆ ಇದೆ. ನಮ್ಮ ಮಲೆನಾಡಿನ ಹೆಚ್ಚಿನ ಮನೆಗಳಿಗೆ, ವರ್ಷದ ಹೆಚ್ಚಿನ ದಿನಗಳಲ್ಲಿ, ಈ ಯಂತ್ರ ಬೇಡವೇ ಬೇಡ ಎಂಬುದು ನನ್ನ ಅಭಿಪ್ರಾಯ. ಕಾರಣ ಹೇಳುತ್ತೇನೆ.

ಮೊದಲು ಕಾನೂನು ತಿಳಿಯಿರಿ

ನಮ್ಮ ನಾಡಿನ ಗೋಸುಂಬೆಯನ್ನು ಹಿಡಿದು ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ತೋಟದಲ್ಲಿ ಸಿಕ್ಕಿತು, ಮಗು ಆಸೆಪಟ್ಟಿತು ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಬೇಲಿಯ ಮೇಲೆ ತಲೆ ಆಡಿಸುತ್ತಾ ಕುಳಿತು ಕತ್ತು ಕೆಂಪಗೆ ಮಾಡಿಕೊಳ್ಳುವುದು ಗೋಸುಂಬೆಯಲ್ಲ, ಓತಿಕ್ಯಾತ. ಅದನ್ನೂ ಅದರ ಪಾಡಿಗೆ ಬಿಡಿ.

ಅಂಗಡಿಗಳಲ್ಲಿ ಮಾರುವುದು ಹೆಚ್ಚಾಗಿ ಯೆಮನ್ ಮತ್ತು ಸೌದಿಯ ಬೆಟ್ಟಗಳ ತಳಿ. ಅರಬಿಯಲ್ಲಿ ಗೋಸುಂಬೆಗೆ ‘ಹಿರ್ಬಾ’ ಎನ್ನುತ್ತಾರೆ. ಅಂತಾರಾಷ್ಟ್ರೀಯ ಒಪ್ಪಂದದ ಪಟ್ಟಿಯಲ್ಲಿರುವ ಇಂಥ ಪ್ರಾಣಿಗಳನ್ನು 2022ರ ತಿದ್ದುಪಡಿ ನಮ್ಮ ಕಾಯ್ದೆಯೊಳಗೆ ತಂದಿದೆ. 2024ರ ನಿಯಮಗಳ ಪ್ರಕಾರ ಸಾಕುವವರು ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ಮಾರುವವನು ದಾಖಲೆ ಕೊಡದಿದ್ದರೆ ಕೊಳ್ಳಬೇಡಿ.

ಅದಕ್ಕೆ ಬೇಕಾದದ್ದೇನು?

ಗೋಸುಂಬೆಗೆ ಹಗಲೂ ರಾತ್ರಿಯೂ ಮಂಜು ಬೇಕು ಎಂಬುದು ತಪ್ಪು ತಿಳಿವಳಿಕೆ. ಯೆಮನ್ ಬೆಟ್ಟಗಳಲ್ಲಿ ಹಗಲು ಒಣಗಾಳಿ, ರಾತ್ರಿ ತಂಪು ಮಂಜು. ಆದ್ದರಿಂದ ಆ ತಳಿಗೆ ಹಗಲು ಶೇ. 30ರಿಂದ 50ರಷ್ಟು ತೇವಾಂಶ ಸಾಕು, ರಾತ್ರಿ ಶೇ. 80ಕ್ಕಿಂತ ಮೇಲೆ ಹೋದರೆ ಒಳ್ಳೆಯದು. ಬೆಚ್ಚಗಿನ ಗಾಳಿಗೆ ಮಂಜು ಸೇರಿ, ಗಾಳಿಯಾಡದೆ ನಿಂತರೆ ಅದರ ಶ್ವಾಸಕೋಶಕ್ಕೆ ಸೋಂಕು ತಗಲುತ್ತದೆ. ತಲೆ ಮೇಲೆತ್ತಿ ಬಾಯಿ ತೆರೆದು ಉಸಿರಾಡುತ್ತಿದ್ದರೆ ಪಶುವೈದ್ಯರ ಬಳಿ ಒಯ್ಯಿರಿ.

ಇನ್ನೊಂದು ವಿಷಯ. ಗೋಸುಂಬೆ ಬಟ್ಟಲಿನಲ್ಲಿ ನಿಂತ ನೀರನ್ನು ಸಾಮಾನ್ಯವಾಗಿ ಕುಡಿಯುವುದಿಲ್ಲ, ಎಲೆಯ ಮೇಲಿನ ಹನಿಯನ್ನು ನೆಕ್ಕುತ್ತದೆ. ಆದ್ದರಿಂದ ಎಲೆಗಳ ಮೇಲೆ ನೀರು ಚಿಮುಕಿಸುವುದು, ಮೇಲಿನಿಂದ ಹನಿ ಹನಿಯಾಗಿ ಬೀಳಿಸುವುದು ಮುಖ್ಯ. ಅದನ್ನು ಹ್ಯುಮಿಡಿಫೈಯರ್ ಮಾಡುವುದಿಲ್ಲ. ಕಣ್ಣು ಗುಳಿಬಿದ್ದಿದ್ದರೆ ಅದಕ್ಕೆ ನೀರು ಸಾಲುತ್ತಿಲ್ಲ ಎಂದು ತಿಳಿಯಿರಿ.

ನಮ್ಮ ಊರಿನ ಗಾಳಿ

ಯೂನಾನಿ ವೈದ್ಯದಲ್ಲಿ ಆರೋಗ್ಯಕ್ಕೆ ಅವಶ್ಯವಾದ ಆರು ಕಾರಣಗಳನ್ನು ಹೇಳುತ್ತಾರೆ, ಅವುಗಳಲ್ಲಿ ಮೊದಲನೆಯದು ಹವಾ, ಅಂದರೆ ಗಾಳಿ. ಗಾಳಿಗೂ ಮಿಜಾಜ್ ಇದೆ: ಬಿಸಿ, ತಂಪು, ಒದ್ದೆ, ಒಣ. ತಂಪು ಮತ್ತು ಒದ್ದೆ ಸೇರಿದ ಕಡೆ ಬಲ್ಗಮ್, ಅಂದರೆ ಕಫ ಹೆಚ್ಚುತ್ತದೆ ಎಂದು ನಮ್ಮ ಹಿರಿಯ ಹಕೀಮರು ಬರೆದಿಟ್ಟರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೃಂಗೇರಿಯಲ್ಲಿ ಇದನ್ನು ವಿವರಿಸಬೇಕಾದ ಅಗತ್ಯವೇ ಇಲ್ಲ. ಒಗೆದ ಬಟ್ಟೆ ವಾರವಾದರೂ ಒಣಗುವುದಿಲ್ಲ, ಚಪ್ಪಲಿಗೆ, ಮುಸಲ್ಲಾಕ್ಕೆ ಬೂಷ್ಟು ಹಿಡಿಯುತ್ತದೆ, ತೋಟದಲ್ಲಿ ಅಡಿಕೆಗೆ ಕೊಳೆ ಬರುತ್ತದೆ. ಆಗ ಹೊರಗಿನ ತೇವಾಂಶ ಎಷ್ಟೋ ದಿನ ಶೇ. 90ನ್ನು ದಾಟಿರುತ್ತದೆ. ಆ ಗಾಳಿಗೆ ಇನ್ನಷ್ಟು ನೀರು ಸೇರಿಸಲು ದುಡ್ಡು ಕೊಟ್ಟು ಯಂತ್ರ ತರುವುದೇ?

ಮನೆಯೊಳಗಿನ ತೇವಾಂಶ ಶೇ. 60 ಮೀರಿದರೆ ಬೂಷ್ಟು ಬೆಳೆಯುತ್ತದೆ, ಹಾಸಿಗೆಯಲ್ಲಿ ಕಣ್ಣಿಗೆ ಕಾಣದ ಧೂಳಿನ ಹುಳ ಹೆಚ್ಚುತ್ತದೆ. ಇವೆರಡೂ ಉಬ್ಬಸವನ್ನು ಕೆರಳಿಸುತ್ತವೆ. ಮಳೆಗಾಲದಲ್ಲಿ ಗೋಸುಂಬೆಯ ಗೂಡಿಗೆ ಬೇಕಾದದ್ದು ಜಾಲರಿ ಗೋಡೆ ಮತ್ತು ಗಾಳಿಯಾಟ, ಮಂಜಲ್ಲ. ಗಾಜಿನ ಪೆಟ್ಟಿಗೆ ಆ ಕಾಲಕ್ಕೆ ಹೇಳಿದ್ದಲ್ಲ.

ಡಿಸೆಂಬರ್, ಜನವರಿಯಲ್ಲಿ ಹಗಲು ಒಣಗಿದರೂ ರಾತ್ರಿಯ ಇಬ್ಬನಿ ನಮ್ಮಲ್ಲಿ ಧಾರಾಳವಾಗಿದೆ. ಕಿಟಕಿ ತೆರೆದರೆ ಅದೇ ಒಳಗೆ ಬರುತ್ತದೆ. ನರಸಿಂಹರಾಜಪುರದಲ್ಲಿ ಶೃಂಗೇರಿಗಿಂತ ಮಳೆ ಕಡಿಮೆ. ಅಲ್ಲಿ ಫೆಬ್ರವರಿ, ಮಾರ್ಚ್‌ನಲ್ಲಿ ತಾರಸಿ ಮನೆಯ ಮೇಲಿನ ಕೋಣೆ ನಿಜಕ್ಕೂ ಒಣಗಬಹುದು. ಆದ್ದರಿಂದ ಊಹೆ ಬೇಡ. ಡಿಜಿಟಲ್ ತೇವಾಂಶ ಮಾಪಕ ದುಬಾರಿಯಲ್ಲ. ಗೂಡಿನೊಳಗೆ ಇಟ್ಟು, ಒಂದು ವಾರ ಫಜ್ರ್ ಹೊತ್ತಿಗೂ ಅಸ್ರ್ ಹೊತ್ತಿಗೂ ನೋಡಿ ಬರೆದಿಡಿ. ಬೆಳಗಿನ ಜಾವ ಶೇ. 80 ತೋರಿಸಿದರೆ ಯಂತ್ರದ ಮಾತು ಅಲ್ಲಿಗೇ ಬಿಡಿ.

ಬೇಕೇ ಬೇಕು ಎಂದಾದರೆ

ಮೂರು ಬಗೆಯ ಯಂತ್ರಗಳಿವೆ. ನೀರು ಕಾಯಿಸಿ ಹಬೆ ಬಿಡುವುದು ಒಂದು. ಮಕ್ಕಳಿರುವ ಮನೆಯಲ್ಲಿ ಸುಟ್ಟುಕೊಳ್ಳುವ ಭಯವಿದೆ, ಪ್ರಾಣಿಗೂ ಬಿಸಿ ಹಬೆ ಒಳ್ಳೆಯದಲ್ಲ. ಒದ್ದೆ ಬತ್ತಿಯ ಮೂಲಕ ಫ್ಯಾನ್ ಗಾಳಿ ಹಾಯಿಸುವುದು ಇನ್ನೊಂದು. ಅದು ಇಡೀ ಕೋಣೆಗೆ ಸರಿ, ಗೂಡಿಗಲ್ಲ. ಮೂರನೆಯದು ಅಲ್ಟ್ರಾಸಾನಿಕ್, ಅಂದರೆ ಕಂಪನದಿಂದ ನೀರನ್ನು ತಂಪು ಮಂಜಾಗಿಸುವುದು. ಗೂಡಿಗೆ ಹೊಂದುವುದು ಇದೇ.

ಯಂತ್ರವನ್ನು ಗೂಡಿನ ಹೊರಗೆ ಇಟ್ಟು, ಕೊಳವೆಯ ಮೂಲಕ ಮಂಜನ್ನು ಒಳಗೆ ಬಿಡಿ. ಟೈಮರ್ ಹಾಕಿ ನಡುರಾತ್ರಿಯಿಂದ ಬೆಳಗಿನ ಜಾವದವರೆಗೆ ಬಿಟ್ಟು ಬಿಟ್ಟು ನಡೆಸಿ, ಹಗಲು ನಿಲ್ಲಿಸಿ. ಬೆಳಗ್ಗೆ ಗೂಡು ಪೂರ್ತಿ ಒಣಗಬೇಕು. ತೇವ ನಿಲ್ಲುವುದಿಲ್ಲ ಎಂದಾದರೆ ಜಾಲರಿಯ ಎರಡು ಬದಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿದರೆ ಸಾಕು, ದೊಡ್ಡ ಯಂತ್ರ ಬೇಡ. ಮಕ್ಕಳು ಮಲಗುವ ಕೋಣೆಯಲ್ಲಂತೂ ಗೂಡನ್ನೂ ಯಂತ್ರವನ್ನೂ ಇಡಬೇಡಿ.

ಯಂತ್ರದ ಶುಚಿತ್ವ

ನಾನು ವೈದ್ಯನಾಗಿ ಹೆಚ್ಚು ಒತ್ತಿ ಹೇಳುವುದು ಇದನ್ನೇ. ಅಲ್ಟ್ರಾಸಾನಿಕ್ ಯಂತ್ರ ನೀರನ್ನು ಕಾಯಿಸುವುದಿಲ್ಲ. ತೊಟ್ಟಿಯಲ್ಲಿ ಏನಿದೆಯೋ ಅದನ್ನೆಲ್ಲ ಗಾಳಿಗೆ ತೂರುತ್ತದೆ: ಲವಣದ ಬಿಳಿ ಧೂಳು, ರೋಗಾಣು, ಬೂಷ್ಟಿನ ಕಣ. ಅದು ಗೂಡಿನೊಳಗೇ ನಿಲ್ಲದೆ ಮನೆಯವರೆಲ್ಲರ ಎದೆಗೂ ಹೋಗುತ್ತದೆ. ಕೊಳಕು ಹ್ಯುಮಿಡಿಫೈಯರ್‌ನಿಂದ ಶ್ವಾಸಕೋಶದ ಉರಿಯೂತ ಬರುವುದು ವೈದ್ಯಶಾಸ್ತ್ರಕ್ಕೆ ಚೆನ್ನಾಗಿ ಗೊತ್ತಿರುವ ಕಾಯಿಲೆ.

ಬಟ್ಟಿ ಇಳಿಸಿದ ನೀರು ಉತ್ತಮ, ಇಲ್ಲದಿದ್ದರೆ ಆರ್‌ಒ ನೀರು. ಬಾವಿ ನೀರನ್ನು ಕುದಿಸಿದರೆ ರೋಗಾಣು ಸಾಯುತ್ತದೆ, ಲವಣ ಉಳಿಯುತ್ತದೆ. ದಿನವೂ ಹಳೆಯ ನೀರು ಚೆಲ್ಲಿ ತೊಟ್ಟಿ ಒರೆಸಿ ಒಣಗಿಸಿ. ಮೂರು ದಿನಕ್ಕೊಮ್ಮೆ ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಅರ್ಧ ಗಂಟೆ ಬಿಟ್ಟು, ಉಜ್ಜಿ, ಚೆನ್ನಾಗಿ ತೊಳೆಯಿರಿ. ಕೊಳವೆಯನ್ನು ಮರೆಯಬೇಡಿ, ಲೋಳೆ ಕಟ್ಟುವುದು ಅಲ್ಲೇ.

ತೊಟ್ಟಿಗೆ ಡೆಟಾಲ್, ಅತ್ತರ್, ನೀಲಗಿರಿ ಎಣ್ಣೆ, ಜಿಂದಾ ತಿಲಿಸ್ಮಾತ್, ಯಾವುದನ್ನೂ ಹಾಕಬೇಡಿ. ಬಿಸಿನೀರಿನ ಪಾತ್ರೆಯ ಮುಂದೆ ಕುಳಿತು ಐದು ನಿಮಿಷ ಆವಿ ತೆಗೆದುಕೊಳ್ಳುವುದೇ ಬೇರೆ, ರಾತ್ರಿಯಿಡೀ ಅದರ ಕಣಗಳನ್ನು ಉಸಿರಾಡುವುದೇ ಬೇರೆ. ದಕ್ಷಿಣ ಕೊರಿಯಾದಲ್ಲಿ ಹ್ಯುಮಿಡಿಫೈಯರ್ ಶುಚಿಯಾಗಿರಲೆಂದೇ ಅದರ ನೀರಿಗೆ ಬೆರೆಸುತ್ತಿದ್ದ ಔಷಧದಿಂದ ಬಸುರಿಯರು, ಎಳೆಮಕ್ಕಳು ಸೇರಿ ನೂರಾರು ಜನ ಸತ್ತರು. ಕಾರಣ ಹೊರಬಿದ್ದದ್ದು 2011ರಲ್ಲಿ. ಅಷ್ಟರವರೆಗೆ ಅದು ಅಂಗಡಿಗಳಲ್ಲಿ ಸಲೀಸಾಗಿ ಮಾರಾಟವಾಗುತ್ತಿತ್ತು.

ಗೋಸುಂಬೆಯನ್ನಾಗಲಿ ಗೂಡನ್ನಾಗಲಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇಂಥ ಪ್ರಾಣಿಗಳ ಮೈಮೇಲೆ, ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುತ್ತದೆ. ವುಝೂ ಮಾಡುತ್ತೇವಲ್ಲ ಎಂದು ಸೋಪು ಬಿಡಬೇಡಿ. ಗೂಡಿನ ಸಾಮಾನನ್ನು ಅಡುಗೆಮನೆಯ ಸಿಂಕ್‌ನಲ್ಲಿ ತೊಳೆಯಬೇಡಿ. ಐದು ವರ್ಷದೊಳಗಿನ ಮಕ್ಕಳಿರುವ ಮನೆಗೆ ಈ ಪ್ರಾಣಿಯೇ ಬೇಡ.

ಕೊನೆಯದಾಗಿ ಮನೆಯ ಯುವಕರಿಗೆ ಒಂದು ಮಾತು. ಬೆಕ್ಕನ್ನು ಕೂಡಿಹಾಕಿ, ಉಣಿಸದೆ, ಬಿಡದೆ ಕೊಂದ ಹೆಂಗಸಿನ ಹದೀಸ್ ನೀವು ಮದ್ರಸದಲ್ಲೇ ಕೇಳಿದ್ದೀರಿ. ಗೂಡಿನಲ್ಲಿಟ್ಟ ಜೀವ ಅಮಾನತ್. ದಿನಾ ತೊಟ್ಟಿ ತೊಳೆಯುವ, ಕರೆಂಟ್ ಹೋದ ರಾತ್ರಿ ಎದ್ದು ನೋಡುವ, ಊರಿಗೆ ಹೋದಾಗ ಇನ್ನೊಬ್ಬರನ್ನು ಒಪ್ಪಿಸಿ ಹೋಗುವ ತಾಳ್ಮೆ ಇದ್ದರೆ ಸಾಕಿ. ಆ ಕೆಲಸ ಅಮ್ಮನ ತಲೆಗೇ ಬೀಳುತ್ತದೆ ಎಂದಾದರೆ, ಆ ದುಡ್ಡಿನಲ್ಲಿ ತಮ್ಮ ತಂಗಿಯರು ಮಲಗುವ ಕೋಣೆಗೆ ಒಂದು ಎಕ್ಸಾಸ್ಟ್ ಫ್ಯಾನ್ ಹಾಕಿಸಿ. ಬರುವ ಮಳೆಗಾಲಕ್ಕೆ ಅವರ ಎದೆಗೆ ಅದರಿಂದಾಗುವ ಉಪಕಾರ ದೊಡ್ಡದು.