ತಪಾಸಣೆ ಯಾರ ಕಣ್ಣಿಗೆ?

ಕೆಲವು ದಿನಗಳ ಹಿಂದೆ ಬೆಂಗಳೂರಿನ ಕಾಲೇಜೊಂದರ ವಿದ್ಯಾರ್ಥಿಗಳು ಆಡಿದ ನಾಟಕವೊಂದನ್ನು ನೋಡಿದೆ. ಅದಕ್ಕೆ ಪ್ರೇರಣೆ, 1836ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ಮೊದಲ ಪ್ರದರ್ಶನ ಕಂಡ ನಿಕೊಲಾಯ್ ಗೊಗೊಲ್ ಅವರ ‘ಇನ್‌ಸ್ಪೆಕ್ಟರ್ ಜನರಲ್’. ಆದರೆ ವಿದ್ಯಾರ್ಥಿಗಳು ಮೂಲದ ಸಂಭಾಷಣೆಗಳನ್ನು ಬಾಯಿಪಾಠ ಮಾಡಿ ಒಪ್ಪಿಸಲಿಲ್ಲ. ಕೃತಿಯನ್ನು ಓದಿ, ಸರ್ಕಾರಿ ಕಚೇರಿಗಳ ಸರತಿಯಲ್ಲಿ ನಿಂತು, ಮನೆಯ ಹಿರಿಯರ ಅನುಭವ ಕೇಳಿ, ತಾಲೀಮಿನಲ್ಲಿ ಎಲ್ಲರೂ ಕೂಡಿ ದೃಶ್ಯಗಳನ್ನು ಕಟ್ಟಿದ್ದರು. ಮೂರು ದಶಕ ಸರ್ಕಾರಿ ಸೇವೆಯಲ್ಲಿದ್ದ ನಾನು ನಕ್ಕು ಬರೋಣವೆಂದು ಹೋಗಿದ್ದೆ. ನಗು ಅರ್ಧದಲ್ಲೇ ನಿಂತಿತು.

ಗೊಗೊಲ್ ಕಥೆ ಸರಳವಾದದ್ದು. ರಾಜಧಾನಿಯಿಂದ ತಪಾಸಣಾಧಿಕಾರಿ ಗುಟ್ಟಾಗಿ ಬರುತ್ತಿದ್ದಾನೆಂಬ ಸುದ್ದಿ ಸಣ್ಣ ಪಟ್ಟಣವೊಂದನ್ನು ನಡುಗಿಸುತ್ತದೆ. ಆಸ್ಪತ್ರೆಯ ರೋಗಿಗಳಿಗೆ ಶುಭ್ರವಾದ ಟೊಪ್ಪಿಗೆ ತೊಡಿಸಲು ಆಜ್ಞೆಯಾಗುತ್ತದೆ. ಹಣ ಮಂಜೂರಾಗಿಯೂ ಕಟ್ಟದ ಚರ್ಚು ಸುಟ್ಟುಹೋಯಿತೆಂದು ಹೇಳುವ ಏರ್ಪಾಡು ನಡೆಯುತ್ತದೆ. ಕೊನೆಗೆ, ಎಲ್ಲರೂ ಸತ್ಕರಿಸಿದ ವ್ಯಕ್ತಿ ಕಾಸಿಲ್ಲದ ಕಿರಿಯ ಗುಮಾಸ್ತನೆಂದು ತಿಳಿಯುತ್ತದೆ. ಅಷ್ಟರಲ್ಲಿ ನಿಜವಾದ ಅಧಿಕಾರಿ ಬಂದಿಳಿದ ವಾರ್ತೆ ಬರುತ್ತದೆ. ರಂಗದ ಮೇಲಿನವರೆಲ್ಲ ಕಲ್ಲಾಗಿ ನಿಲ್ಲುತ್ತಾರೆ.

ವಿದ್ಯಾರ್ಥಿಗಳು ಆ ಅಧಿಕಾರಿಯನ್ನೇ ಕೈಬಿಟ್ಟಿದ್ದರು. ರಂಗದ ನಡುವೆ ಇದ್ದುದು ಬಿಳಿ ಟವೆಲ್ಲು ಹೊದಿಸಿದ ಖಾಲಿ ಕುರ್ಚಿ ಮಾತ್ರ. ಮೂಲದಲ್ಲಿ ಅಹವಾಲು ಹೊತ್ತು ಬರುವ ಇಬ್ಬರು ಹೆಂಗಸರಿದ್ದಾರೆ: ಗಂಡನನ್ನು ಅಕ್ರಮವಾಗಿ ಸೈನ್ಯಕ್ಕೆ ಸೇರಿಸಲಾಯಿತೆನ್ನುವ ಬೀಗ ರಿಪೇರಿಯವನ ಹೆಂಡತಿ, ಛಡಿಯೇಟು ತಿಂದ ಸಾರ್ಜೆಂಟನ ವಿಧವೆ. ಗೊಗೊಲ್ ಅವರಿಗೆ ಕೆಲವೇ ನಿಮಿಷ ಕೊಟ್ಟರು. ಈ ಮಕ್ಕಳು ನಾಟಕದ ಅರ್ಧವನ್ನೇ ಕೊಟ್ಟರು. ಕೊನೆಯಲ್ಲಿ ಅಲುಗಾಡದೆ ನಿಂತವರು ಅಧಿಕಾರಿಗಳಲ್ಲ, ಅರ್ಜಿ ಹಿಡಿದ ಜನ.

ಆ ಮೌನದಲ್ಲಿ ನನಗೊಂದು ಹಳೆಯ ಘಟನೆ ನೆನಪಾಯಿತು. ಎಂಬತ್ತರ ದಶಕದ ಕೊನೆಯಲ್ಲಿ ಉಪವಿಭಾಗಾಧಿಕಾರಿಯಾಗಿ ಬಾಲಕರ ವಿದ್ಯಾರ್ಥಿನಿಲಯವೊಂದರ ತಪಾಸಣೆಗೆ ಹೋಗಿದ್ದೆ. ಗೋಡೆಗೆ ಹೊಸ ಸುಣ್ಣ, ಹಾಸಿಗೆಗೆ ಹೊಸ ಜಮಖಾನ, ಊಟಕ್ಕೆ ಪಾಯಸ. ‘ತೃಪ್ತಿಕರ’ ಎಂದು ಷರಾ ಬರೆದು ಹೊರಟೆ. ಮರೆತ ಕನ್ನಡಕಕ್ಕಾಗಿ ಅರ್ಧ ಗಂಟೆಯಲ್ಲಿ ಹಿಂದಿರುಗಿದಾಗ, ಜಮಖಾನಗಳನ್ನು ಸುತ್ತಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ಹುಡುಗನೊಬ್ಬ ಮುಗ್ಧವಾಗಿ ಕೇಳಿದ: “ಸಾರ್, ಮತ್ತೆ ಯಾವಾಗ ಬರ್ತೀರಿ?” ನಿಲಯಪಾಲಕನನ್ನು ಗದರಿದೆ. ಆದರೆ ಷರಾ ತಿದ್ದಲಿಲ್ಲ. ತಿದ್ದಿದ್ದರೆ, ಮೊದಲೇ ಏಕೆ ಕಾಣಲಿಲ್ಲವೆಂಬ ಪ್ರಶ್ನೆಗೆ ನಾನೇ ಉತ್ತರಿಸಬೇಕಾಗುತ್ತಿತ್ತು.

ಅರ್ಥಶಾಸ್ತ್ರದಲ್ಲಿ ಇದನ್ನು ಮಾಹಿತಿಯ ಅಸಮಾನತೆ ಎನ್ನುತ್ತಾರೆ. ಸತ್ಯ ಕೆಳಗಿರುತ್ತದೆ, ಅಧಿಕಾರ ಮೇಲಿರುತ್ತದೆ; ನಡುವಿನವರಿಗೆ ಮೇಲಿನವರನ್ನು ಮೆಚ್ಚಿಸುವುದೇ ಲಾಭ. ಇನ್ನಷ್ಟು ಕಟ್ಟುನಿಟ್ಟಿನ ತಪಾಸಣಾಧಿಕಾರಿಯನ್ನು ಕಳುಹಿಸಿದರೆ ಸುಣ್ಣ ಇನ್ನಷ್ಟು ದಪ್ಪವಾದೀತು, ಅಷ್ಟೆ. ಮೇಲಿನವರ ಭಯವನ್ನೇ ಉತ್ತರದಾಯಿತ್ವವೆಂದು ನಾವು ಬಹುಕಾಲ ತಪ್ಪಾಗಿ ತಿಳಿದಿದ್ದೆವು.

ಇದಕ್ಕೆ ಪರಿಹಾರ ಹುಡುಕುವ ಯತ್ನಗಳು ನಡೆದಿಲ್ಲವೆಂದಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆ ಕಡತದ ಬಾಗಿಲನ್ನು ನಾಗರಿಕರಿಗೆ ತೆರೆಯಿತು. ಅದೇ ವರ್ಷದ ಉದ್ಯೋಗ ಖಾತರಿ ಕಾಯ್ದೆ, ಗ್ರಾಮಸಭೆಯೇ ಕಾಮಗಾರಿಯ ಲೆಕ್ಕ ಪರಿಶೋಧಿಸಲು ಅವಕಾಶ ನೀಡಿತು. 2011ರ ‘ಸಕಾಲ’ ಕಾಯ್ದೆ ಸೇವೆ ತಡವಾದರೆ ದಿನಕ್ಕೆ 20 ರೂಪಾಯಿಯಂತೆ, ಗರಿಷ್ಠ 500 ರೂಪಾಯಿ ಪರಿಹಾರ ಗೊತ್ತುಪಡಿಸಿತು. ಮೊತ್ತ ಚಿಕ್ಕದು, ಆದರೆ ಅಧಿಕಾರಿ ಅರ್ಜಿದಾರನಿಗೆ ಋಣಿ ಎಂಬ ತತ್ವ ದೊಡ್ಡದು. ಆದರೂ ಗಣ್ಯರು ಬರುವ ಮುನ್ನಾದಿನ ರಸ್ತೆಗೆ ಡಾಂಬರು ಬೀಳುವುದು ನಿಂತಿಲ್ಲ. ಕಾಯ್ದೆ ಬದಲಾದಷ್ಟು ಬೇಗ ಕಚೇರಿಯ ಕಣ್ಣು ಬದಲಾಗುವುದಿಲ್ಲ.

ಸಿದ್ಧನಾಟಕ ಬಿಟ್ಟು ಇಂತಹ ಪ್ರಯೋಗ ಮಾಡುವುದು ಮೂಲಕ್ಕೆ ಅಪಚಾರವೆಂದು ಪಕ್ಕದಲ್ಲಿದ್ದ ಹಿರಿಯರೊಬ್ಬರು ಗೊಣಗಿದರು. ನನಗೆ ಹಾಗನ್ನಿಸಲಿಲ್ಲ. ನಾಟಕ ಕಟ್ಟಲೆಂದು ಕಚೇರಿಯ ಸರತಿಯಲ್ಲಿ ನಿಂತವರಲ್ಲಿ ಕೆಲವರಾದರೂ ನಾಳೆ ಅದೇ ಕಚೇರಿಯ ಒಳಗೆ ಕೂರುತ್ತಾರೆ. ನಮ್ಮ ಯಾವ ತರಬೇತಿಯಲ್ಲೂ ಕುರ್ಚಿಯನ್ನು ಎದುರಿನಿಂದ ನೋಡುವುದನ್ನು ನನಗೆ ಕಲಿಸಿರಲಿಲ್ಲ. ಆ ಹುಡುಗನ ಪ್ರಶ್ನೆಗೆ ನನ್ನ ಬಳಿ ಅಂದು ಉತ್ತರವಿರಲಿಲ್ಲ. ಯಾರೂ ಬಾರದ ದಿನವೂ ಅವನಿಗೆ ಜಮಖಾನ ಸಿಗಬೇಕಿತ್ತು.