ರನ್‌ವೇಯ ಕೆಸರು, ವೈಮಾನಿಕನ ನೆಗಡಿ

1958ರ ಫೆಬ್ರವರಿ 6ರಂದು, ಮ್ಯಾಂಚೆಸ್ಟರ್ ಯುನೈಟೆಡ್ ಫುಟ್‌ಬಾಲ್ ತಂಡವನ್ನು ಹೊತ್ತ ವಿಮಾನವೊಂದು ಜರ್ಮನಿಯ ಮ್ಯೂನಿಕ್ ನಿಲ್ದಾಣದಿಂದ ಮೇಲೇಳಲು ಮೂರನೆಯ ಬಾರಿ ಓಟ ತೊಡಗಿತು. 117 ನಾಟ್‌ವರೆಗೆ ಏರಿದ್ದ ವೇಗವು ರನ್‌ವೇಯ ಕೊನೆಯ ಭಾಗದಲ್ಲಿ ಹಠಾತ್ತನೆ 105ಕ್ಕೆ ಇಳಿಯಿತು. ಮೇಲೇಳಲೂ ಆಗದೆ, ನಿಲ್ಲಲೂ ಎಡೆಯಿಲ್ಲದೆ ಅದು ಬೇಲಿಯನ್ನು ಮುರಿದು ಮನೆಯೊಂದಕ್ಕೆ ಬಡಿಯಿತು. 23 ಜನ ಮಡಿದರು. ರೆಕ್ಕೆಯ ಮೇಲಿನ ಹಿಮವನ್ನು ತೆಗೆಸಲಿಲ್ಲವೆಂಬ ಅಪವಾದವನ್ನು ಕ್ಯಾಪ್ಟನ್ ಜೇಮ್ಸ್ ಥೇನ್ ವರ್ಷಗಟ್ಟಲೆ ಹೊರಬೇಕಾಯಿತು. ನೀರು ಕೂಡಿದ ಹಿಮದ ರೊಜ್ಜು ಚಕ್ರಗಳನ್ನು ಹಿಡಿದೆಳೆದುದೇ ಕಾರಣವೆಂದು ಬ್ರಿಟನ್ನಿನ ವಿಚಾರಣೆಯು ಒಪ್ಪಿದುದು 1969ರಲ್ಲಿ.

ನಮ್ಮಲ್ಲಿ ಹಿಮವಿಲ್ಲ, ಅಷ್ಟರಮಟ್ಟಿಗೆ ನಾವು ಪುಣ್ಯವಂತರು ಎನ್ನುವ ವಾಚಕರು ಮಳೆಗಾಲವನ್ನು ಮರೆತಿರುವರು. ಕೆಸರಿನಲ್ಲಿ ಸೈಕಲ್ ತುಳಿದವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾದುದಿಲ್ಲ. ಮ್ಯೂನಿಕ್ಕಿನದು 44 ಜನರಿದ್ದ ವಿಮಾನ. ಇಬ್ಬರೋ ನಾಲ್ವರೋ ಕೂರುವ ಪುಟ್ಟ ವಿಮಾನವನ್ನು ಕೆಡಿಸಲು ಒದ್ದೆ ಹುಲ್ಲೇ ಸಾಕು. ಇಂತಹ ವಿಮಾನಗಳ ವೈಮಾನಿಕರಿಗಾಗಿ ಬ್ರಿಟನ್ನಿನ ವಿಮಾನಯಾನ ಪ್ರಾಧಿಕಾರವು ಕೊಟ್ಟಿರುವ ಲೆಕ್ಕವೊಂದುಂಟು. ಒಣಗಿದ ಗಟ್ಟಿ ರನ್‌ವೇಯಲ್ಲಿ ಓಡಿ 50 ಅಡಿ ಮೇಲೇರಲು 400 ಮೀಟರು ಸಾಕಾಗುವ ವಿಮಾನಕ್ಕೆ, ಒದ್ದೆ ಹುಲ್ಲಿನ ಮೇಲೆ ಅದರ 1.3 ಪಟ್ಟು, ಅಂದರೆ 520 ಮೀಟರು ಬೇಕು. ನೆಲವೂ ಮೆತ್ತಗಿದ್ದರೆ ಮತ್ತೆ ಕಾಲುಭಾಗ ಏರಿ 650 ಆಗುವುದು. ಈ ಹೆಚ್ಚಳಗಳನ್ನು ಗುಣಿಸತಕ್ಕದ್ದು, ಕೂಡಿಸತಕ್ಕದ್ದಲ್ಲ. ಸಮುದ್ರಮಟ್ಟದಿಂದ ಪ್ರತಿ 1000 ಅಡಿ ಎತ್ತರಕ್ಕೂ ನೂರಕ್ಕೆ ಹತ್ತರಂತೆ ಇನ್ನೂ ಬೆಳೆಯುವುದರಿಂದ, ಸುಮಾರು 3000 ಅಡಿ ಎತ್ತರದ ಬೆಂಗಳೂರಿನಲ್ಲಿ ಅದೇ ವಿಮಾನಕ್ಕೆ 860 ಮೀಟರು ಕೂಡ ಸಾಲದು!

ಬಲ್ಲ ವೈಮಾನಿಕರು ರನ್‌ವೇಯ ನಟ್ಟನಡುವಿಗೆ ಒಂದು ಗುರುತನ್ನು ಇಟ್ಟುಕೊಳ್ಳುವರು. ಅಲ್ಲಿಗೆ ಬರುವ ಹೊತ್ತಿಗೆ, ನೆಲ ಬಿಡಲು ಬೇಕಾದ ವೇಗದಲ್ಲಿ ನೂರಕ್ಕೆ ಎಪ್ಪತ್ತರಷ್ಟಾದರೂ ಬಂದಿರದಿದ್ದರೆ ಎಂಜಿನ್ನನ್ನು ತಗ್ಗಿಸಿ ನಿಂತುಬಿಡುವರು.

ಆದರೆ ಆ ಕ್ಷಣದಲ್ಲಿ ತೀರ್ಮಾನಿಸಬೇಕಾದವನ ಮೈ ಹೇಗಿದೆ? ವೈದ್ಯರ ಪ್ರಮಾಣಪತ್ರವು ಪರೀಕ್ಷೆ ನಡೆದ ದಿನದ ಮಾತನ್ನು ಹೇಳೀತು. ನಿನ್ನೆ ರಾತ್ರಿ ನಿದ್ದೆಗೆಟ್ಟುದನ್ನು ಅದು ಅರಿಯದು. ಮದ್ಯದ ವಿಷಯ ಎಲ್ಲರೂ ಬಲ್ಲರು. ನಮ್ಮ ದೇಶದಲ್ಲಿ ಹಾರಾಟಕ್ಕೆ ಮುಂಚಿನ 12 ಗಂಟೆಗಳ ಕಾಲ ಅದು ನಿಷಿದ್ಧ. ಯಾರೂ ಲೆಕ್ಕಕ್ಕಿಡದ ಶತ್ರುವೆಂದರೆ ನೆಗಡಿ. ಮೂಗು ಕಟ್ಟಿದಾಗ ಕಿವಿಯಿಂದ ಗಂಟಲಿಗೆ ಹೋಗುವ ನಾಳವೂ ಮುಚ್ಚಿಕೊಳ್ಳುವುದು. ವಿಮಾನವು ಕೆಳಗಿಳಿದಂತೆ ಹೊರಗಿನ ಗಾಳಿಯ ಒತ್ತಡವೇರಿ ಕಿವಿಯ ತಮಟೆಯನ್ನು ಒಳಕ್ಕೆ ಒತ್ತುವುದು. ತಡೆಯಲಾರದ ನೋವು, ಕೆಲವೊಮ್ಮೆ ತಲೆಸುತ್ತು. ಶುಂಠಿ ಕಷಾಯ ಕುಡಿದು ಮನೆಯಲ್ಲಿ ಮಲಗಿದರೆ ಗೆಳೆಯರು ನಗಬಹುದು. ನಗಲಿ. ನೆಗಡಿಯ ಗುಳಿಗೆಗಳಲ್ಲಿ ಅನೇಕವು ತೂಕಡಿಕೆಯನ್ನು ತರುವಂಥವು; ಅದನ್ನು ನುಂಗಿ ಹೊರಟವನಿಗೆ ರನ್‌ವೇಯ ನಡುವಣ ಗುರುತು ಕಣ್ಣಿಗೆ ಬಿದ್ದರೂ ಕೈ ತಡವಾಗಿ ಚಲಿಸುವುದು.