ಅಪ್ಪನ ಹೈಬ್ರಿಡ್ ಕಾರು ಮತ್ತು ಕಾಣೆಯಾದ ಒಂದು ಕಿಲೊಮೀಟರ್

ನಮ್ಮಪ್ಪ ಹಾಸನದಲ್ಲಿ ಬಾಡಿಗೆ ಕಾರು ಓಡಿಸುತ್ತಾರೆ. 2018ರ ಮಾಡೆಲ್‌ನ ಪೆಟ್ರೋಲ್ ಹೈಬ್ರಿಡ್, ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು. ಕಾರಿನಲ್ಲಿ ಒಂದು ನೋಟ್‌ಬುಕ್ ಸದಾ ಇರುತ್ತದೆ. ಬಿ.ಕಾಂ. ಓದುವ ನಾನೇ ಅದರ ಗುಮಾಸ್ತೆ. ಟ್ಯಾಂಕ್ ಫುಲ್ ಮಾಡಿಸಿದಾಗಲೆಲ್ಲ ಓಡಿದ ಕಿಲೊಮೀಟರನ್ನು ಹಾಕಿಸಿದ ಲೀಟರಿನಿಂದ ಭಾಗಿಸಿ ಬರೆಯುವುದು ನನ್ನ ಕೆಲಸ.

2023ರಲ್ಲಿ ಲೀಟರ್‌ಗೆ ಸರಾಸರಿ 17 ಕಿ.ಮೀ. ಸಿಗುತ್ತಿತ್ತು. ಈಗ 16. ‘ಗಾಡಿಗೂ ವಯಸ್ಸಾಯ್ತು ಕಣಮ್ಮ’ ಎಂದು ಅಪ್ಪ ನಕ್ಕುಬಿಟ್ಟರು. ಆದರೆ ತಿಂಗಳಿಗೆ 3,000 ಕಿ.ಮೀ. ಓಡುವ ಕಾರಿಗೆ ಇದು 11 ಲೀಟರ್ ಹೆಚ್ಚುವರಿ ಪೆಟ್ರೋಲ್. ಲೀಟರ್‌ಗೆ ನೂರು ರೂಪಾಯಿ ಎಂದರೂ ₹1,100. ನಮ್ಮ ಮನೆಯಲ್ಲಿ ಅದು ಸಣ್ಣ ಮೊತ್ತವಲ್ಲ.

ಅಪ್ಪನ ಮಾತಿನಲ್ಲಿ ಅರ್ಧ ಸತ್ಯವಿದೆ. ಇಂಥ ಹೈಬ್ರಿಡ್ ಕಾರು ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ಬ್ಯಾಟರಿಯಲ್ಲಿ ಕೂಡಿಟ್ಟು, ಮತ್ತೆ ಹೊರಡುವಾಗ ಎಂಜಿನ್‌ಗೆ ನೆರವಾಗುತ್ತದೆ. ಸಿಗ್ನಲ್‌ನಲ್ಲಿ ಎಂಜಿನ್ ತಾನೇ ಆಫ್ ಆಗುತ್ತದೆ. ಬ್ಯಾಟರಿ ಹಳತಾದಂತೆ ಈ ಉಳಿತಾಯ ಕುಗ್ಗುತ್ತದೆ. ಟೈರ್‌ನಲ್ಲಿ ಗಾಳಿ ಕಡಿಮೆಯಿದ್ದರೆ, ಎ.ಸಿ. ಸದಾ ಓಡುತ್ತಿದ್ದರೆ ಇನ್ನಷ್ಟು ಪೆಟ್ರೋಲ್ ಬೇಕು.

ಉಳಿದರ್ಧ ಇರುವುದು ಪೆಟ್ರೋಲ್‌ನಲ್ಲೇ. ಶೇ 20ರಷ್ಟು ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ನಮ್ಮ ಬೆಂಗಳೂರಿನಲ್ಲೇ. 2030ಕ್ಕೆ ಇಟ್ಟುಕೊಂಡಿದ್ದ ಗುರಿಯನ್ನು 2025ಕ್ಕೇ ಮುಟ್ಟಿದೆವು. ಎಥೆನಾಲ್‌ನಲ್ಲಿ ಪೆಟ್ರೋಲ್‌ಗಿಂತ ಸುಮಾರು ಮೂರನೇ ಒಂದರಷ್ಟು ಶಕ್ತಿ ಕಡಿಮೆ. ಇ20ಗೆಂದು ರೂಪಿಸದ ಹಳೆಯ ಕಾರುಗಳಲ್ಲಿ ಮೈಲೇಜ್ ಶೇ 6–7ರಷ್ಟು ಇಳಿಯಬಹುದು ಎಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. 17ರಿಂದ 16ಕ್ಕೆ ಇಳಿದದ್ದು ಸುಮಾರು ಶೇ 6. ಇಷ್ಟೂ ಎಥೆನಾಲ್‌ನದೇ ತಪ್ಪು ಎಂದು ನನ್ನ ನೋಟ್‌ಬುಕ್ ಸಾಬೀತು ಮಾಡಲಾರದು. ಅದರ ಪಾಲೇ ಇಲ್ಲ ಎನ್ನಲೂ ಆಗದು.

ಹಾಗೆಂದು ಎಥೆನಾಲ್ ಬೇಡವೇ? ಅರಕಲಗೂಡಿನ ಕಡೆ ನಮ್ಮ ಚಿಕ್ಕಪ್ಪ ಮುಸುಕಿನ ಜೋಳ ಬೆಳೆಯುತ್ತಾರೆ. ಎಥೆನಾಲ್ ಕಾರ್ಖಾನೆಗಳ ಬೇಡಿಕೆ ಹೆಚ್ಚಿದರೆ ಅವರಿಗೆ ಒಳ್ಳೆಯದು. ವಿದೇಶಿ ಕಚ್ಚಾತೈಲಕ್ಕೆ ಸುರಿಯುವ ಹಣವೂ ಉಳಿಯುತ್ತದೆ. ಒಂದೇ ಮನೆತನದಲ್ಲಿ ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ.

ನನ್ನ ತಕರಾರು ಬೆಲೆಯ ಬಗ್ಗೆ. ಮೈಲೇಜ್ ಇಳಿಯುವುದರಿಂದ ಇಂಥ ಪೆಟ್ರೋಲ್‌ನ ಬೆಲೆ ಕಡಿಮೆ ಇರಬೇಕು ಎಂದು ಅದೇ ವರದಿ ಹೇಳಿತ್ತು. ಆದರೆ ಈಗ ಎಥೆನಾಲ್ ಖರೀದಿ ದರವೇ ಲೀಟರ್‌ಗೆ ಸರಾಸರಿ ₹71.32 ಆಗಿದೆ, ಅದು ಪೆಟ್ರೋಲ್ ತಯಾರಿಕೆಯ ವೆಚ್ಚಕ್ಕಿಂತ ಹೆಚ್ಚು ಎಂದು ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಹೇಳಿತು. ಎಥೆನಾಲ್ ಇಲ್ಲದ ಪೆಟ್ರೋಲನ್ನೂ ಮಾರಬೇಕೆಂಬ ಅರ್ಜಿಯನ್ನು ಸುಪ್ರೀಂ ಕೋರ್ಟ್ ಸೆಪ್ಟೆಂಬರ್‌ನಲ್ಲಿ ವಜಾ ಮಾಡಿತು. ಬ್ರೆಜಿಲ್‌ನಲ್ಲಿ ಎಥೆನಾಲ್ ಬೆಲೆ ಪೆಟ್ರೋಲಿನ ಶೇ 70ಕ್ಕಿಂತ ಕಡಿಮೆಯಿದ್ದರೆ ಮಾತ್ರ ಲಾಭ ಎಂಬ ಲೆಕ್ಕ ಹಾಕಿ ಜನ ಬಂಕ್‌ನಲ್ಲೇ ಆಯ್ಕೆ ಮಾಡುತ್ತಾರೆ. ನಮ್ಮಲ್ಲಿ ಆಯ್ಕೆಯೂ ಇಲ್ಲ, ರಿಯಾಯಿತಿಯೂ ಇಲ್ಲ.

ದೇಶಕ್ಕೆ ಒಳಿತಾಗುವ ಯೋಜನೆಯ ಖರ್ಚನ್ನು ದೇಶವೇ ಹಂಚಿಕೊಳ್ಳಬೇಕಲ್ಲವೇ? ಹೊಸ ಕಾರು ಕೊಳ್ಳುವವರು ಇ20ಗೆ ಹೊಂದುವ ಎಂಜಿನ್ ಪಡೆಯುತ್ತಾರೆ. ಹಳೆಯ ಕಾರು, ಬೈಕ್ ನಂಬಿ ದುಡಿಯುವವರಿಗೆ ತೆರಿಗೆಯಲ್ಲಿ ಒಂದಿಷ್ಟು ವಿನಾಯಿತಿಯಾದರೂ ಸಿಗಲಿ.

ಅಲ್ಲಿಯವರೆಗೆ ನೀವೂ ಒಂದು ನೋಟ್‌ಬುಕ್ ಇಡಿ. ಟೈರ್‌ಗೆ ಗಾಳಿ ಹಾಕಿಸಿ, ಬ್ಯಾಟರಿ ಪರೀಕ್ಷಿಸಿ, ಲೆಕ್ಕ ಬರೆಯಿರಿ. ಕೇಳುವ ಪ್ರಶ್ನೆಗೆ ಕೈಯಲ್ಲೊಂದು ಲೆಕ್ಕವಿದ್ದರೆ ತೂಕ ಬರುತ್ತದೆ. ನಮ್ಮಪ್ಪ ಈಗ ವಯಸ್ಸಿನ ಮಾತು ಬಿಟ್ಟು, ‘ಈ ಸಲ ಎಷ್ಟು ಬಂತಮ್ಮ?’ ಎಂದು ಕೇಳತೊಡಗಿದ್ದಾರೆ.